ಯುದ್ಧದ ರಾತ್ರಿ ಬರೆಯುವವರೊಡನೆ ಮಾತಾಡುವ ಬಗೆ: ವಿದೇಶಾಂಗ ಮತ್ತು ರಕ್ಷಣಾ ಸಚಿವಾಲಯಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಬಾಹ್ಯ ಪ್ರಚಾರ ಮತ್ತು ಸಾರ್ವಜನಿಕ ರಾಜತಾಂತ್ರಿಕತೆ ವಿಭಾಗ, ವಿದೇಶಾಂಗ ಸಚಿವಾಲಯ
ಸಾರ್ವಜನಿಕ ಸಂಪರ್ಕ ನಿರ್ದೇಶನಾಲಯ, ರಕ್ಷಣಾ ಸಚಿವಾಲಯ
ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ), ಬೆಂಗಳೂರು

ಮಾನ್ಯರೇ,

2025ರ ಮೇ 7ರ ನಸುಕಿನ 1 ಗಂಟೆ 44 ನಿಮಿಷಕ್ಕೆ ಪಿಐಬಿಯಿಂದ ಪುಟ್ಟದೊಂದು ಹೇಳಿಕೆ ಬಂತು. ಆಪರೇಷನ್ ಸಿಂಧೂರ ಶುರುವಾಗಿದೆ, ಉಗ್ರರ ನೆಲೆಗಳಿರುವ ಒಂಬತ್ತು ಕಡೆ ದಾಳಿ ಮಾಡಿದ್ದೇವೆ, ಪಾಕಿಸ್ತಾನದ ಸೇನಾ ನೆಲೆಗಳನ್ನು ಮುಟ್ಟಿಲ್ಲ, ವಿವರ ಆಮೇಲೆ ಕೊಡುತ್ತೇವೆ ಎಂಬಷ್ಟೇ ಅದರ ಸಾರ. ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ವಿಡಿಯೊ ತೋರಿಸಿ ವಿವರಿಸಿದರು. 2019ರ ಬಾಲಾಕೋಟ್ ದಾಳಿಯ ದಿನ ಹೀಗಿರಲಿಲ್ಲ. ಅಂದು ಬೆಳಗಾಗುವಷ್ಟರಲ್ಲಿ ಪಾಕಿಸ್ತಾನದ ಸೇನಾ ವಕ್ತಾರರು ಟ್ವೀಟ್ ಮಾಡಿ ಸುದ್ದಿಯ ಮೊದಲ ಸಾಲನ್ನು ತಾವೇ ಬರೆದುಬಿಟ್ಟಿದ್ದರು. ದಿಲ್ಲಿ ಮಾತಾಡಿದ್ದು ಹನ್ನೊಂದೂವರೆಗೆ, ಅದೂ ಒಂದು ಪ್ರಶ್ನೆಗೂ ಅವಕಾಶ ಕೊಡದೆ. ಆರು ವರ್ಷದಲ್ಲಿ ನೀವು ಕಲಿತದ್ದು ಸಣ್ಣದಲ್ಲ. ಅದನ್ನು ಮನಸಾರೆ ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇವೆ.

ಕಲಿಯಬೇಕಾದದ್ದು ಒಂದು ಉಳಿದಿದೆ. ಪತ್ರಿಕೆ, ಟೀವಿಗಳ ಹೊರಗಿದ್ದು ಬರೆಯುವ ಬ್ಲಾಗಿಗರು, ಯೂಟ್ಯೂಬಿನಲ್ಲಿ ವಿವರಿಸುವವರು, ವಾಟ್ಸ್ಆ್ಯಪ್ ಚಾನೆಲ್ ನಡೆಸುವವರು ಯುದ್ಧದ ಹೊತ್ತಿನಲ್ಲಿ ಸರ್ಕಾರದ ಕಣ್ಣಿಗೆ ಎರಡೇ ರೂಪದಲ್ಲಿ ಕಾಣುತ್ತಾರೆ: ದುಡ್ಡು ಕೊಟ್ಟು ಊದಿಸುವ ತುತ್ತೂರಿ, ಇಲ್ಲವೇ ಮುಚ್ಚಿಸಬೇಕಾದ ಖಾತೆ. ಇವರನ್ನು ಪ್ರಶ್ನೆ ಕೇಳುವವರೆಂದು ಕಾಣಿರಿ. ಅವರಿಗಾಗಿ ಒಂದು ಬಾಗಿಲು ಇಡಿ, ಅದು ಕನ್ನಡದಲ್ಲೂ ಇರಲಿ, ಮುಂದಿನ ಸಂಘರ್ಷ ಬರುವ ಮೊದಲೇ ತೆರೆದಿರಲಿ. ನಮ್ಮ ಕೋರಿಕೆ ಇದು. ಮುಂದಿನದು ಇದನ್ನು ಮಾಡುವ ಬಗೆ.

ಮೊದಲು ಮೇ 8ರ ರಾತ್ರಿಯನ್ನು ನೋಡಿ. ಆ ಸಂಜೆ ಪತ್ರಿಕಾಗೋಷ್ಠಿ ಮುಗಿದ ಮೇಲೆ ಜಮ್ಮುವಿನ ಆಕಾಶದಲ್ಲಿ ಡ್ರೋನ್‌ಗಳು ಕಾಣಿಸಿದವು. ವಿವರವಾದ ಮುಂದಿನ ಗೋಷ್ಠಿ ನಡೆದದ್ದು ಮರುದಿನ ಸಂಜೆ. ನಡುವೆ ಸಿಕ್ಕಿದ್ದು ಸೇನೆಯ ಖಾತೆಗಳಿಂದ ಬಂದ ಎರಡು ಮೂರು ಸಾಲಿನ ಪೋಸ್ಟ್‌ಗಳು ಮಾತ್ರ. ಆ ಖಾಲಿ ಜಾಗದಲ್ಲಿ ಕರಾಚಿ ಬಂದರು ಧ್ವಂಸವಾಯಿತು, ಇಸ್ಲಾಮಾಬಾದ್ ಕೈವಶವಾಯಿತು, ಪಾಕಿಸ್ತಾನದ ಸೇನಾ ಮುಖ್ಯಸ್ಥರ ಬಂಧನವಾಯಿತು ಎಂದು ದೊಡ್ಡ ದೊಡ್ಡ ವಾಹಿನಿಗಳೇ ಕೂಗಿದವು. ಆರ್ಮಾ 3 ಎಂಬ ವಿಡಿಯೊ ಗೇಮಿನ ತುಣುಕುಗಳು ಯುದ್ಧದ ದೃಶ್ಯಗಳಾಗಿ ಓಡಾಡಿದವು. ಪಾಕಿಸ್ತಾನದ ಸೇನಾ ವಕ್ತಾರರ ಹಳೆಯ ಗೋಷ್ಠಿಯೊಂದಕ್ಕೆ ಕೃತಕ ಧ್ವನಿ ಸೇರಿಸಿ, ಎರಡು ವಿಮಾನ ಕಳೆದುಕೊಂಡೆವೆಂದು ಅವರೇ ಒಪ್ಪಿಕೊಂಡಂತೆ ಮಾಡಿದ ವಿಡಿಯೊ ನಮ್ಮ ಕಡೆಯ ಸುದ್ದಿಮನೆಗಳಿಗೂ ನುಗ್ಗಿತು. ನೌಕಾಪಡೆ ಕರಾಚಿಯನ್ನೂ ಗುರಿಯಾಗಿಸಲು ಸಜ್ಜಾಗಿ ನಿಂತಿತ್ತು ಎಂದು ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು ಮೇ 11ರಂದು. ಸಜ್ಜಾಗಿತ್ತು ಎಂದರೆ ದಾಳಿ ಆಗಿರಲಿಲ್ಲ ಎಂದರ್ಥ. ಈ ಒಂದು ವಾಕ್ಯ ಮೇ 8ರ ರಾತ್ರಿ ಹನ್ನೊಂದಕ್ಕೆ ಬಂದಿದ್ದರೆ ಯಾವ ಸೇನಾ ರಹಸ್ಯವೂ ಬಯಲಾಗುತ್ತಿರಲಿಲ್ಲ.

ಇಲ್ಲಿ ನಿಯಮದ ಮಾತು ಬರುತ್ತದೆ. ಕೇಬಲ್ ಟೀವಿ ನಿಯಮಗಳ 6(1)(ಪಿ) ಪ್ರಕಾರ ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆಯ ನೇರ ಪ್ರಸಾರ ಕೂಡದು. ಕಾರ್ಯಾಚರಣೆ ಮುಗಿಯುವ ತನಕ ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡುವ ವಿವರಣೆಗೆ ಮಾಧ್ಯಮ ಸೀಮಿತವಾಗಿರಬೇಕು. 2025ರ ಏಪ್ರಿಲ್ 26ರಂದು ಇದನ್ನು ಎಲ್ಲರಿಗೂ ನೆನಪಿಸಲಾಯಿತು. ಮುಂಬೈ ದಾಳಿಯ ಪ್ರಕರಣದ ತೀರ್ಪಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟ್ ನೇರ ಪ್ರಸಾರದ ಬಗ್ಗೆ ಹೇಳಿದ ಕಟುವಾದ ಮಾತುಗಳನ್ನು ಬಲ್ಲ ಯಾರೂ ಈ ನಿಯಮವನ್ನು ಆಕ್ಷೇಪಿಸಲಾರರು. ಆದರೆ ನಿಯಮಕ್ಕೆ ಎರಡು ಕೈಗಳಿವೆ: ಒಂದು ತಡೆಯುತ್ತದೆ, ಇನ್ನೊಂದು ಕೊಡಬೇಕು. ಕೊಡುವ ಕೈಗೆ ಗಡಿಯಾರವಿಲ್ಲ. 'ಆಗಾಗ' ಎಂದರೆ ಎಷ್ಟು ಗಂಟೆಗೊಮ್ಮೆ? ಸಂಘರ್ಷ ನಡೆಯುತ್ತಿರುವಾಗ ನಾಲ್ಕು ಗಂಟೆಗೊಮ್ಮೆ, ಹೇಳಲು ಹೊಸದೇನೂ ಇಲ್ಲದಿದ್ದರೂ, ಐದು ಸಾಲಿನ ಹೇಳಿಕೆ ಬರಲಿ: 'ರಾತ್ರಿ 11ರವರೆಗೆ ಹೊಸ ಮಾಹಿತಿ ಇಲ್ಲ, ಮುಂದಿನ ಹೇಳಿಕೆ ನಸುಕಿನ 3ಕ್ಕೆ.' ಮುಂದಿನ ಹೇಳಿಕೆಯ ಹೊತ್ತು ಗೊತ್ತಿದ್ದರೆ ಹೊಣೆಯುಳ್ಳ ಬರಹಗಾರ ಕಾಯುತ್ತಾನೆ. ಯಾವಾಗ ಬರುತ್ತದೆಂದೇ ಗೊತ್ತಿಲ್ಲದಿದ್ದರೆ ಸಿಕ್ಕಿದ್ದನ್ನು ಬರೆಯುತ್ತಾನೆ.

ಮೇ 10ರ ಸಂಜೆಯ ಪೆಟ್ಟು ಬೇರೆ ಬಗೆಯದು. ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು (ಡಿಜಿಎಂಒ) ನಮ್ಮ ಡಿಜಿಎಂಒಗೆ ಕರೆ ಮಾಡಿದ್ದು ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ. ಗುಂಡಿನ ಚಕಮಕಿ ನಿಲ್ಲಬೇಕಾದದ್ದು 5 ಗಂಟೆಗೆ. ಮಿಸ್ರಿಯವರು ಅದನ್ನು ದೇಶಕ್ಕೆ ತಿಳಿಸಿದ್ದು ಸುಮಾರು 6ಕ್ಕೆ. ಅಷ್ಟರೊಳಗೆ ಅಮೆರಿಕದ ಅಧ್ಯಕ್ಷರು ತಮ್ಮ ಸಾಮಾಜಿಕ ಜಾಲತಾಣದಲ್ಲಿ ಇದನ್ನು ಘೋಷಿಸಿಯಾಗಿತ್ತು. ಯಾರು ಮಧ್ಯಸ್ಥಿಕೆ ವಹಿಸಿದರು ಎಂಬ ವಾದ ಆಮೇಲೆ ತಿಂಗಳುಗಟ್ಟಲೆ ನಡೆಯಿತಲ್ಲ, ಅದರ ಬೇರು ಆ ಅರ್ಧ ಗಂಟೆಯಲ್ಲಿದೆ. ನಂತರ ನಡೆದದ್ದು ಇನ್ನೂ ಕೆಟ್ಟದ್ದು. ಸರ್ಕಾರದ ತೀರ್ಮಾನವನ್ನು ಓದಿ ಹೇಳಿದ ಅಧಿಕಾರಿಯ ಮೇಲೆ, ಅವರ ಮನೆಯವರ ಮೇಲೆ ಬೈಗುಳದ ಮಳೆ ಸುರಿಯಿತು, ಅವರು ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಬೇಕಾಯಿತು. ಮೂರು ದಿನ ಕೇವಲ ಗೆಲುವಿನ ಕೂಗನ್ನು ಕೇಳಿಸಿಕೊಂಡ ಜನಕ್ಕೆ ನಿಲುಗಡೆ ಮೋಸದಂತೆ ಕಂಡಿತು. ಸ್ವಂತ ಜನರಿಗೆ ಅರ್ಥವಾಗುವಂತೆ ಕದನ ವಿರಾಮವನ್ನು ವಿವರಿಸುವುದೂ ಸಾರ್ವಜನಿಕ ರಾಜತಾಂತ್ರಿಕತೆಯ ಭಾಗವೇ. ವಿವರಿಸಬಲ್ಲ ನೂರು ಜನ ದೇಶದ ಭಾಷೆಗಳಲ್ಲಿದ್ದರು. ಅವರಿಗೆ ಯಾರೂ ಫೋನ್ ಮಾಡಲಿಲ್ಲ.

ಫೋನ್ ಮಾಡುವ ಈ ಪದ್ಧತಿ ಹೊಸದಲ್ಲ. ಅಮೆರಿಕದ ರಕ್ಷಣಾ ಇಲಾಖೆ 2007ರಿಂದ ಬ್ಲಾಗರ್ಸ್ ರೌಂಡ್‌ಟೇಬಲ್ ನಡೆಸಿತು. ಇರಾಕ್, ಅಫ್ಗಾನಿಸ್ತಾನದಲ್ಲಿದ್ದ ಸೇನಾಧಿಕಾರಿ ಫೋನಿನ ಆ ತುದಿಯಲ್ಲಿ, ಬ್ಲಾಗಿಗರು ಈ ತುದಿಯಲ್ಲಿ. ಮಾತಿನ ಧ್ವನಿಮುದ್ರಣ, ಅಕ್ಷರರೂಪ ಎರಡನ್ನೂ ಎಲ್ಲರೂ ಓದುವಂತೆ ಪ್ರಕಟಿಸುತ್ತಿದ್ದರು. ಕರೆಸಿಕೊಂಡವರಲ್ಲಿ ಸೇನೆಯ ಪರ ಬರೆಯುವವರೇ ಹೆಚ್ಚು ಎಂಬ ಟೀಕೆ ಇತ್ತು, ಅದು ನ್ಯಾಯವಾದದ್ದೇ. ಆದರೂ ಏನು ಕೇಳಿದರು, ಏನು ಉತ್ತರ ಬಂತು ಎಂಬುದು ಬಯಲಲ್ಲಿತ್ತು. ಅದೇ ಇಲಾಖೆ ಅದೇ ವರ್ಷಗಳಲ್ಲಿ ನಿವೃತ್ತ ಸೇನಾಧಿಕಾರಿಗಳನ್ನು ಗುಟ್ಟಾಗಿ ಕರೆಸಿ, ಹೇಳಬೇಕಾದ ಮಾತುಗಳನ್ನು ಕೊಟ್ಟು, ಸ್ವತಂತ್ರ ವಿಶ್ಲೇಷಕರೆಂದು ಟೀವಿಯಲ್ಲಿ ಕೂರುವಂತೆ ಮಾಡಿತ್ತು. 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಬಯಲಿಗೆಳೆದಾಗ ಆ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ನೀವು ಎರಡರಲ್ಲಿ ಒಂದನ್ನು ಮಾದರಿಯಾಗಿ ತೆಗೆದುಕೊಳ್ಳುವುದಾದರೆ ಅಕ್ಷರರೂಪ ಪ್ರಕಟಿಸಿದ್ದನ್ನೇ ತೆಗೆದುಕೊಳ್ಳಿ.

ಇಸ್ರೇಲ್‌ನ ಪಾಠವೂ ಹತ್ತಿರದ್ದೇ. 2008ರ ಡಿಸೆಂಬರ್ 27ರಂದು ಗಾಜಾ ಮೇಲಿನ ದಾಳಿ ಶುರುವಾದ ಎರಡೇ ದಿನಕ್ಕೆ ಅದರ ಸೇನೆ ಯೂಟ್ಯೂಬ್ ಚಾನೆಲ್ ತೆರೆಯಿತು. 30ರಂದು ನ್ಯೂಯಾರ್ಕಿನ ಇಸ್ರೇಲಿ ಕಾನ್ಸುಲೇಟ್ ಟ್ವಿಟರ್‌ನಲ್ಲೇ ಪತ್ರಿಕಾಗೋಷ್ಠಿ ನಡೆಸಿ, ಒಂದು ದೇಶದ ಯುದ್ಧನೀತಿಯನ್ನು 140 ಅಕ್ಷರಗಳಲ್ಲಿ ತುರುಕಲು ನೋಡಿತು. ಮುಂದಿನ ತಿಂಗಳು ವಲಸಿಗರ ಸಚಿವಾಲಯ ಬೇರೆ ಬೇರೆ ಭಾಷೆ ಬಲ್ಲ ಬ್ಲಾಗಿಗರಿಗೆ ಕರೆ ಕೊಟ್ಟಿತು. ಅಂದಿನ ಮಟ್ಟಿಗೆ ಇದೆಲ್ಲ ಹೊಸತು. ಆದರೆ ಅದೇ ಹೊತ್ತಿನಲ್ಲಿ ವಿದೇಶಿ ಪತ್ರಕರ್ತರನ್ನು ಗಾಜಾದ ಒಳಗೆ ಬಿಡಲಿಲ್ಲ. ಮೊದಲೇ ಒಳಗಿದ್ದ ಸುದ್ದಿವಾಹಿನಿಗಳಲ್ಲಿ ಕತಾರಿನ ಅಲ್ ಜಜೀರಾ ಒಂದು. ಅದು ಜನವರಿಯಲ್ಲಿ ತನ್ನ ಗಾಜಾ ದೃಶ್ಯಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ಗಾಜಾದಲ್ಲಿ ಬಳಸಿದ, ಮೈ ಸುಡುವ ಬಿಳಿ ರಂಜಕದ ಶೆಲ್‌ಗಳ ವಿಷಯದಲ್ಲಿ ಇಸ್ರೇಲ್ ಮೊದಲು ಅಲ್ಲಗಳೆದು ಆಮೇಲೆ ಒಪ್ಪಿಕೊಂಡಾಗ, ಅದರ ಮೊದಲ ಮಾತನ್ನು ನಂಬಿದವರಿಗೆ ತಲೆತಗ್ಗಿಸುವ ಸ್ಥಿತಿ ಬಂತು. ಸರ್ಕಾರದ ಮಾತನ್ನು ನಂಬಿ ಬರೆದವರಿಗೆ ಮೋಸವಾದರೆ ಅವರು ಎರಡನೇ ಸಲ ನಂಬುವುದಿಲ್ಲ.

ನಮ್ಮಲ್ಲಿ ಈ ನಂಬಿಕೆ ಅಲುಗಾಡಿದ್ದು ವಿಮಾನಗಳ ವಿಷಯದಲ್ಲಿ. ಭಾರತ ಯುದ್ಧವಿಮಾನಗಳನ್ನು ಕಳೆದುಕೊಂಡಿತೇ ಎಂಬ ಪ್ರಶ್ನೆ ಮೇ 7ರಿಂದಲೇ ಎದ್ದಿತ್ತು. ಪಾಕಿಸ್ತಾನದ ರಕ್ಷಣಾ ಸಚಿವರು ಸಿಎನ್ಎನ್‌ನಲ್ಲಿ ಸಾಕ್ಷಿ ಕೇಳಿದರೆ ಸಾಮಾಜಿಕ ಜಾಲತಾಣ ತೋರಿಸುವ ಸ್ಥಿತಿಯಲ್ಲಿದ್ದರು. ಆಗ ನಮ್ಮ ಬಳಿ ಗಟ್ಟಿ ಉತ್ತರವಿದ್ದಿದ್ದರೆ ಸುದ್ದಿಯ ದಿಕ್ಕೇ ಬೇರೆಯಾಗುತ್ತಿತ್ತು. ಮೇ 11ರಂದು ಏರ್ ಮಾರ್ಷಲ್ ಎ.ಕೆ. ಭಾರ್ತಿ ಹೇಳಿದ್ದು ನಮ್ಮ ದೃಷ್ಟಿಯಲ್ಲಿ ಇಡೀ ಸಂಘರ್ಷದ ಅತ್ಯುತ್ತಮ ಉತ್ತರ: ಯುದ್ಧವೆಂದ ಮೇಲೆ ನಷ್ಟ ಇದ್ದೇ ಇರುತ್ತದೆ, ಪೈಲಟ್‌ಗಳೆಲ್ಲ ಮರಳಿದ್ದಾರೆ, ಸಂಘರ್ಷದ ಸ್ಥಿತಿ ಇನ್ನೂ ಇರುವುದರಿಂದ ವಿವರ ಈಗ ಹೇಳಲಾರೆ. ಅದು ಐದನೆಯ ದಿನ ಬಂತು. ನಷ್ಟವಾಗಿದ್ದನ್ನು ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ನೇರವಾಗಿ ಒಪ್ಪಿದ್ದು ಮೇ 31ರಂದು, ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಗಳ ಮುಂದೆ. ಎದುರಾಳಿಯ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಉರುಳಿಸಿದ ಲೆಕ್ಕವನ್ನು ವಾಯುಪಡೆಯ ಮುಖ್ಯಸ್ಥರು ಕೊಟ್ಟದ್ದು ಆಗಸ್ಟ್ 9ರಂದು, ನಮ್ಮ ಬೆಂಗಳೂರಿನ ಉಪನ್ಯಾಸವೊಂದರಲ್ಲಿ. ಮೂರು ತಿಂಗಳು ತಡವಾದ ಲೆಕ್ಕವನ್ನು ಹೊರಗಿನವರು ಅನುಮಾನದಿಂದಲೇ ನೋಡಿದರು.

ಆದ್ದರಿಂದ ಪ್ರತಿ ಪ್ರಶ್ನೆಗೆ ಮೂರು ಉತ್ತರಗಳಲ್ಲಿ ಒಂದನ್ನು ಕೊಡುವ ಶಿಸ್ತು ಬರಲಿ. ಗೊತ್ತಿದೆ, ಇದೋ ಹೇಳುತ್ತೇವೆ. ಗೊತ್ತಿದೆ, ಕಾರ್ಯಾಚರಣೆ ಮುಗಿಯುವವರೆಗೆ ಹೇಳಲಾರೆವು. ಇನ್ನೂ ಗೊತ್ತಿಲ್ಲ, ಗೊತ್ತಾದಾಗ ಇಲ್ಲಿಯೇ ಹೇಳುತ್ತೇವೆ. ಎರಡನೆಯದನ್ನು ಹೇಳಲು ಅಧಿಕಾರಿಗಳು ಅಂಜುತ್ತಾರೆ. ಅಂಜಬೇಕಿಲ್ಲ, ಓದುಗರು ಅದನ್ನು ಗೌರವಿಸುತ್ತಾರೆ. ಏನೂ ಹೇಳದೆ ಇರುವುದನ್ನು ಮಾತ್ರ ಅವರು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ.

ಇನ್ನು ಅಧಿಕಾರಿ ಮತ್ತು ಬರಹಗಾರರ ನಡುವೆ ಇಂಥ ಫೋನ್ ಕರೆ ನಡೆಸುವ ರೀತಿ. ಕನ್ನಡಕ್ಕೆ 30 ಜನರ ಪಟ್ಟಿ ಸಾಕು. ಚಂದಾದಾರರ ಸಂಖ್ಯೆಯನ್ನು ಅಳತೆಗೋಲು ಮಾಡಬೇಡಿ. ಸ್ವಂತ ಹೆಸರಿನಲ್ಲಿ ಬರೆಯುತ್ತಾರೆಯೇ, ಕನಿಷ್ಠ ಒಂದು ವರ್ಷದ ಹಳೆಯ ಬರಹ ಸಿಗುತ್ತದೆಯೇ, ತಪ್ಪಾದಾಗ ತಿದ್ದಿ 'ತಿದ್ದಿದ್ದೇವೆ' ಎಂದು ಹಾಕುತ್ತಾರೆಯೇ ಎಂಬ ಮೂರನ್ನು ನೋಡಿ. ಒಂದು ಕರೆಗೆ 12 ಜನ. ಅವರಲ್ಲಿ ನಾಲ್ವರನ್ನು ಚೀಟಿ ಎತ್ತಿ ಆರಿಸಿ. ಇಲ್ಲದಿದ್ದರೆ ಎರಡನೇ ತಿಂಗಳಿಗೇ ಹೊಗಳುವವರ ಕೂಟವಾಗುತ್ತದೆ. ಖಾರವಾಗಿ ಬರೆದರೆಂದು ಯಾರನ್ನೂ ಕೈಬಿಡಕೂಡದು. ಕೈಬಿಟ್ಟರೆ ಕಾರಣ ಬರಹದಲ್ಲಿರಲಿ. ಕರೆ 40 ನಿಮಿಷ ಇರಲಿ: ಅಧಿಕಾರಿಯ ಮಾತು 8 ನಿಮಿಷ ಮೀರದಿರಲಿ, ಉಳಿದದ್ದು ಪ್ರಶ್ನೆಗಳಿಗೆ. ಒಬ್ಬರಿಗೆ ಒಂದು ಪ್ರಶ್ನೆ, ಅದರ ಬೆನ್ನಿಗೆ ಒಂದು ಮರುಪ್ರಶ್ನೆ. ಮರುಪ್ರಶ್ನೆ ಇಲ್ಲದ ಗೋಷ್ಠಿಯಲ್ಲಿ ಸಿದ್ಧ ಉತ್ತರ ಓದಿ ಜಾರಿಕೊಳ್ಳಬಹುದು. ಎಲ್ಲವೂ ಹೆಸರು, ಹುದ್ದೆಯ ಸಮೇತ. 'ಮೂಲಗಳ ಪ್ರಕಾರ' ಎಂಬುದಕ್ಕೆ ಇಲ್ಲಿ ಜಾಗ ಬೇಡ, ಮೇ 8ರ ರಾತ್ರಿಯ ಸುಳ್ಳುಗಳಲ್ಲಿ ಹಲವು ಆ ಎರಡು ಪದಗಳ ಬೆನ್ನೇರಿಯೇ ಬಂದವು. ಧ್ವನಿಮುದ್ರಣ ಒಂದು ಗಂಟೆಯಲ್ಲಿ, ಕನ್ನಡದ ಅಕ್ಷರರೂಪ ನಾಲ್ಕು ಗಂಟೆಯಲ್ಲಿ ಪಿಐಬಿ ಜಾಲತಾಣದಲ್ಲಿ ಬರಲಿ, ಕರೆಯಲ್ಲಿ ಇಲ್ಲದವರೂ ಅದನ್ನು ಬಳಸಲಿ. ನೆಟ್‌ವರ್ಕ್ ಕೈಕೊಟ್ಟರೆ ಬದಲಿ ನಂಬರ್ ಮೊದಲೇ ಗೊತ್ತಿರಲಿ. ಸಣ್ಣ ವಿಷಯವೆನಿಸಬಹುದು, ಅರ್ಧ ಕರೆಗಳು ಹಾಳಾಗುವುದು ಇಂಥದ್ದರಿಂದಲೇ.

ದುಡ್ಡು ಬೇಡ. ಉತ್ತರ ಪ್ರದೇಶ, ಕರ್ನಾಟಕ ಎರಡೂ 2024ರಲ್ಲಿ ಡಿಜಿಟಲ್ ಜಾಹೀರಾತಿಗೆ ನಿಯಮ ಮಾಡಿಕೊಂಡಿವೆ. ಯೋಜನೆಗಳ ಪ್ರಚಾರಕ್ಕೆ ಅದು ಇರಬಹುದು. ಆ ನಿಯಮದಡಿ ಹಣ ಪಡೆಯುವವರ ಪಟ್ಟಿಯಿಂದಲೇ ಯುದ್ಧದ ಕರೆಗೆ ಜನರನ್ನು ಎತ್ತಿಕೊಂಡರೆ ಅವರು ಬರೆದ ನಿಜವೂ ಕೂಲಿಯ ಮಾತಾಗುತ್ತದೆ.

ಭಾಷೆಯ ವಿಷಯಕ್ಕೆ ಹೆಚ್ಚು ಜಾಗ ಬೇಕು. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿಗಳ ಕಚೇರಿ ಹಾಕಿದ ಕನ್ನಡದ ಸಂತಾಪವನ್ನು ಫೇಸ್‌ಬುಕ್ ಕಂಪನಿ ಮೆಟಾದ ಯಂತ್ರಾನುವಾದ, ಮುಖ್ಯಮಂತ್ರಿಗಳೇ ತೀರಿಕೊಂಡರು ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿತು. ಕಂಪನಿ ಕ್ಷಮೆ ಕೇಳಿತು. ಅದೇ ತಪ್ಪು 'ಗಡಿಯಲ್ಲಿ ಸಾವು' ಎಂಬ ಸಾಲಿನಲ್ಲಿ ಆಗಿದ್ದರೆ? ಯುದ್ಧದ ಹೇಳಿಕೆಗಳನ್ನು ಯಂತ್ರಕ್ಕೆ ಬಿಡಬೇಡಿ. ಪಾಳಿಗೆ ಇಬ್ಬರು ಅನುವಾದಕರು ಬೇಕು, ಒಬ್ಬರು ಬರೆಯಲು, ಇನ್ನೊಬ್ಬರು ಮೂಲವನ್ನು ಪಕ್ಕದಲ್ಲಿಟ್ಟು ಓದಲು. ಜತೆಗೆ ಸೇನೆಯವರು ನೋಡಿ ಒಪ್ಪಿದ 150 ಪದಗಳ ಪಟ್ಟಿ ಶಾಂತಿಯ ಕಾಲದಲ್ಲೇ ಪ್ರಕಟವಾಗಲಿ. ಮೇ 10ರಂದು ದಿಲ್ಲಿ ಹೇಳಿದ್ದು ಎರಡು ಕಡೆಯ ಸೇನಾಧಿಕಾರಿಗಳು ಗುಂಡು ಹಾರಿಸುವುದನ್ನು ನಿಲ್ಲಿಸಲು ಒಪ್ಪಿದ್ದಾರೆ ಎಂದು. ಕನ್ನಡದಲ್ಲಿ 'ಕದನ ವಿರಾಮ ಒಪ್ಪಂದ' ಎಂದು ಬರೆದೊಡನೆ ಸಹಿ, ಷರತ್ತು, ಮಧ್ಯಸ್ಥರು ಎಲ್ಲ ಓದುಗರ ಮನಸ್ಸಿಗೆ ಬರುತ್ತವೆ. 'ಹೊಡೆದುರುಳಿಸಿದೆವು', 'ತಡೆದೆವು', 'ದಿಕ್ಕು ತಪ್ಪಿಸಿದೆವು' ಮೂರೂ ಬೇರೆ ಬೇರೆ. ಡ್ರೋನಿನ ಮಟ್ಟಿಗಂತೂ ಮೂರನೆಯದು ತೀರಾ ಸಾಮಾನ್ಯ, ಅದಕ್ಕೆ ಅವಶೇಷದ ಫೋಟೊ ಸಿಗಬೇಕೆಂದೇನೂ ಇಲ್ಲ.

2022ರ ಮಾರ್ಚ್ 2ರಂದು, ರಷ್ಯಾದ ದಾಳಿಗೆ ಸಿಕ್ಕಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿದ್ದ ಭಾರತೀಯರು ಸಂಜೆ 6ರೊಳಗೆ ಪೆಸೋಚಿನ್, ಬಬಾಯ್, ಬೆಜ್ಲುದೊವ್ಕಾ ತಲುಪಬೇಕು, ವಾಹನ ಸಿಗದಿದ್ದರೆ ನಡೆದಾದರೂ ಹೋಗಬೇಕು ಎಂದು ರಾಯಭಾರ ಕಚೇರಿ ಹೇಳಿತು. ಅದರ ಹಿಂದಿನ ದಿನವೇ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲೇ ಶೆಲ್ ದಾಳಿಗೆ ಬಲಿಯಾಗಿದ್ದ. ಆ ಸೂಚನೆಯನ್ನು ಉಸಿರು ಬಿಗಿಹಿಡಿದು ಓದಬೇಕಾಗಿದ್ದವರಲ್ಲಿ ಕನ್ನಡ ಮಾತ್ರ ಬಲ್ಲ ಅಪ್ಪ ಅಮ್ಮಂದಿರೂ ಇದ್ದರು. 2011ರಲ್ಲಿ ಲಿಬಿಯಾದಿಂದ ಜನರನ್ನು ಕರೆತರುವಾಗ ಟ್ವಿಟರ್‌ನಲ್ಲಿ ಮನೆಯವರಿಗೆ ಒಬ್ಬೊಬ್ಬರಾಗಿ ಉತ್ತರ ಕೊಟ್ಟದ್ದು ನಿಮ್ಮದೇ ಸಾರ್ವಜನಿಕ ರಾಜತಾಂತ್ರಿಕತೆ ವಿಭಾಗ. ಆ ಗುಣ ನಿಮ್ಮಲ್ಲಿದೆ, ಕನ್ನಡಕ್ಕೂ ಬರಲಿ.

ಚಿತ್ರಗಳ ಮಾತು. ಖಾಸಗಿ ಸುದ್ದಿಸಂಸ್ಥೆಯ ತುಣುಕು ಬಳಸಿದರೆ ಯೂಟ್ಯೂಬಿನಲ್ಲಿ ಕಾಪಿರೈಟ್ ಸ್ಟ್ರೈಕ್ ಬೀಳಬಹುದು, 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹಾಗಾಗಿ ಸಣ್ಣವರು ಎಲ್ಲಿಂದಲೋ ಹೆಕ್ಕಿದ ದೃಶ್ಯ ಹಾಕುತ್ತಾರೆ, ಅಲ್ಲಿಂದಲೇ ಗೇಮಿನ ತುಣುಕು ಒಳಬರುತ್ತದೆ. 2017ರ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಹೇಗೂ ಇದೆ, ಪಿಐಬಿ ಫೋಟೊಗಳು ಅದರಡಿಯಲ್ಲೇ ಎಲ್ಲರೂ ಬಳಸಬಹುದಾದ ಚಿತ್ರಗಳ ಭಂಡಾರ ವಿಕಿಮೀಡಿಯ ಕಾಮನ್ಸ್ ಸೇರುತ್ತಿವೆ. ಗೋಷ್ಠಿಯಲ್ಲಿ ತೋರಿಸಿದ ಪ್ರತಿಯೊಂದು ವಿಡಿಯೊ, ನಕ್ಷೆ, ಉಪಗ್ರಹ ಚಿತ್ರದ ಕೆಳಗೂ ಆ ಪರವಾನಗಿಯ ಒಂದು ಸಾಲು ಹಾಕಿ. ತೆಗೆದ ದಿನಾಂಕ, ಸ್ಥಳ ಬರೆಯಿರಿ. ಟೀವಿ ಪರದೆಯಿಂದ ಕತ್ತರಿಸಿಕೊಳ್ಳುವಂತೆ ಮಾಡದೆ, ಇಳಿಸಿಕೊಳ್ಳುವ ಕಡತವಾಗಿ ಕೊಡಿ.

ಏನನ್ನು ಹಾಕಬಾರದು ಎಂಬುದನ್ನೂ ಕಾರಣ ಸಹಿತ ಹೇಳಿ. 'ಸೇನೆಯ ಚಲನವಲನ ಹಾಕಬೇಡಿ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಕಾಶದಲ್ಲಿ ಕ್ಷಿಪಣಿಯ ಗೆರೆ ಚಿತ್ರಿಸುವಾಗ ಕ್ಯಾಮೆರಾವನ್ನು ಗೆರೆಯ ಬುಡಕ್ಕೆ ಇಳಿಸಿದರೆ ಅದು ಹಾರಿದ ಜಾಗ ಎದುರಾಳಿಗೆ ಸಿಗುತ್ತದೆ. ನೀರಿನ ಟ್ಯಾಂಕು, ಮೊಬೈಲ್ ಟವರ್, ನೆರಳಿನ ದಿಕ್ಕು ಇವುಗಳಿಂದ ನಿಂತ ಜಾಗ, ಹೊತ್ತು ಎರಡನ್ನೂ ಲೆಕ್ಕ ಹಾಕಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಒಳಗಿನ ಸ್ಥಳದ ಮಾಹಿತಿ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಉಕ್ರೇನ್‌ನಲ್ಲಿ ದಾಳಿಯ ಪರಿಣಾಮದ ದೃಶ್ಯಗಳನ್ನು ನಾಗರಿಕ ಜಾಗವಾದರೆ 3 ಗಂಟೆ, ಸೇನಾ ಜಾಗವಾದರೆ 12 ಗಂಟೆ ತಡೆದು ಹಾಕುವ ನಿಯಮ ಬಳಕೆಗೆ ಬಂತು. ಗಂಟೆ ಹೇಳಿದರೆ ಪಾಲಿಸಬಹುದು. ಎಚ್ಎಎಲ್, ಬಿಇಎಲ್, ಯಲಹಂಕ ವಾಯುನೆಲೆ, ಕಾರವಾರದ ನೌಕಾನೆಲೆ ಇರುವ ರಾಜ್ಯಕ್ಕೆ ಇಂಥ ಒಂದು ಪುಟದ ಸೂಚನೆ ಕನ್ನಡದಲ್ಲಿ ಅಗತ್ಯವಾಗಿ ಬೇಕು.

ಪಿಐಬಿ ಫ್ಯಾಕ್ಟ್ ಚೆಕ್ ಆ ದಿನಗಳಲ್ಲಿ ಬೆವರು ಸುರಿಸಿ ಕೆಲಸ ಮಾಡಿತು. ಹಜೀರಾ ಬಂದರಿನ ಮೇಲೆ ದಾಳಿ ಎಂಬ ವಿಡಿಯೊ 2021ರ ಜುಲೈ 7ರ ತೈಲ ಟ್ಯಾಂಕರ್ ಸ್ಫೋಟದ್ದು, ಜಲಂಧರ್‌ನ ಡ್ರೋನ್ ದಾಳಿ ಎಂದದ್ದು ಹೊಲದ ಬೆಂಕಿ, '20 ರಾಜ್ ಬೆಟಾಲಿಯನ್' ಎಂಬ ಪಡೆಯೇ ಇಲ್ಲ ಎಂದು ಬಿಡಿಸಿ ಹೇಳಿತು. ತೊಂದರೆ ಇರುವುದು ರೂಪದಲ್ಲಿ. ಚಿತ್ರದ ಮೇಲೆ ಕೆಂಪು ಮುದ್ರೆ ಒತ್ತಿದರೆ ಹುಡುಕಿದಾಗ ಸಿಗುವುದಿಲ್ಲ, ಪುರಾವೆಯ ಕೊಂಡಿಯೂ ಸಿಗುವುದಿಲ್ಲ. ಸರ್ಕಾರದ ಸತ್ಯಶೋಧನಾ ಘಟಕಕ್ಕೆ ಕಾನೂನಿನ ಬಲ ಕೊಡುವ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿದ ಮೇಲೆ ನಿಮ್ಮ ಮುದ್ರೆಗೆ ಪುರಾವೆಯ ಬಲವೊಂದೇ ಇರುವುದು. ಮೂಲ ವಿಡಿಯೊದ ಕೊಂಡಿ, ದಿನಾಂಕ, ಹೇಗೆ ಪತ್ತೆ ಹಚ್ಚಿದಿರಿ ಎಂಬ ಎರಡು ಸಾಲು ಅಕ್ಷರದಲ್ಲೇ ಕೊಡಿ. ಪತ್ತೆಯ ಬಗೆಯನ್ನೂ ಕಲಿಸಿ: ನಿಜವಾದ ಸ್ಫೋಟದ ವಿಡಿಯೊದಲ್ಲಿ ಬೆಳಕು ಕಂಡ ಮೇಲೆ ಸದ್ದು ಬರಲು ಕಿಲೋಮೀಟರಿಗೆ ಸುಮಾರು 3 ಸೆಕೆಂಡ್ ಬೇಕು. ದೂರದ ಸ್ಫೋಟಕ್ಕೆ ಸದ್ದು ಒಡನೆಯೇ ಕೇಳಿದರೆ ಅನುಮಾನಿಸಿ.

ಚುರುಕು ಹೇಗಿರಬೇಕೆಂಬುದಕ್ಕೆ ಉದಾಹರಣೆ ನಮ್ಮ ಬೆಳಗಾವಿಯಲ್ಲೇ ಇದೆ. ಕರ್ನಲ್ ಖುರೇಷಿಯವರ ಗಂಡನ ಮನೆಯ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಹರಡಿದಾಗ ಜಿಲ್ಲಾ ಪೊಲೀಸರು ಅದು ಸುಳ್ಳೆಂದು ತಡಮಾಡದೆ ಹೇಳಿದರು, ಪೋಸ್ಟ್ ಹಾಕಿದವರಿಂದಲೇ ಅಳಿಸಿಸಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸ್ಥಿತಿ ಬರಲಿಲ್ಲ. ಊರು ಬಲ್ಲ, ಭಾಷೆ ಬಲ್ಲ, ಹೆಸರು ಹೇಳಿಕೊಂಡು ಮಾತಾಡುವ ಒಬ್ಬ ಅಧಿಕಾರಿ ಇದ್ದರೆ ಸಾಕಾಯಿತು.

ಖಾತೆ ಮುಚ್ಚಿಸುವ ವಿಷಯದಲ್ಲಿ ಒಂದೇ ಕೋರಿಕೆ. 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯುವ ಆದೇಶ ಬಂದಿದೆ, ಹೆಚ್ಚಿನವಕ್ಕೆ ಯಾವ ಪೋಸ್ಟ್ ತಪ್ಪೆಂದು ತಿಳಿಸಿಲ್ಲ ಎಂದು ಎಕ್ಸ್ ಮೇ 8ರಂದು ಹೇಳಿತು. ತುರ್ತು ತಡೆಯನ್ನು 48 ಗಂಟೆಯೊಳಗೆ ಸಮಿತಿಯ ಮುಂದಿಡಬೇಕೆಂದು 2009ರ ನಿಯಮವೇ ಹೇಳುತ್ತದೆ. ಅದೇ 48 ಗಂಟೆಯೊಳಗೆ ಖಾತೆಯವರಿಗೂ ಕಾರಣ ತಲುಪಲಿ. ಪೋಸ್ಟ್ ತೆಗೆಸುವ ಆದೇಶಗಳನ್ನು ಕಂಪನಿಗಳಿಗೆ ಕಳಿಸುವ ಸರ್ಕಾರದ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದೆ, ನಿಮಗೆ ಅಧಿಕಾರವಿಲ್ಲವೆಂದು ನಾವು ವಾದಿಸುತ್ತಿಲ್ಲ. ಕಾರಣ ತಿಳಿದವನು ತಿದ್ದಿಕೊಳ್ಳಬಲ್ಲ.

ಸಂಘರ್ಷದ ನಂತರ ಏಳು ಸರ್ವಪಕ್ಷ ನಿಯೋಗಗಳು 32 ದೇಶಗಳಿಗೆ ಹೋದವು, ತೇಜಸ್ವಿ ಸೂರ್ಯ, ಬ್ರಿಜೇಶ್ ಚೌಟ ಸೇರಿ ನಮ್ಮ ಸಂಸದರೂ ಅವುಗಳಲ್ಲಿದ್ದರು. ಅವರು ಹೋದ ದೇಶಗಳಲ್ಲೂ, ಹೋಗದ ಮಸ್ಕತ್, ಡಲ್ಲಾಸ್‌ಗಳಲ್ಲೂ ಇರುವ ಕನ್ನಡಿಗರು ನೆರೆಯವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು ಫೋನಿನಲ್ಲಿ, ಹೆಚ್ಚಾಗಿ ಕನ್ನಡದಲ್ಲಿ.

ಮುಂದಿನ ಏರೋ ಇಂಡಿಯಾ ಯಲಹಂಕದಲ್ಲಿ ನಡೆಯುವಾಗ ಮೊದಲ ಕರೆ ನಡೆಸಿ ನೋಡಿ. ಯುದ್ಧವಿಲ್ಲ, ರಹಸ್ಯದ ಒತ್ತಡವಿಲ್ಲ, ವಾಯುಪಡೆಯ ಅಧಿಕಾರಿಗಳು ಹೇಗೂ ಬೆಂಗಳೂರಿನಲ್ಲೇ ಇರುತ್ತಾರೆ. 12 ಜನ, 40 ನಿಮಿಷ, ನಾಲ್ಕು ಗಂಟೆಯಲ್ಲಿ ಕನ್ನಡದ ಅಕ್ಷರರೂಪ. ಎಲ್ಲಿ ತೊಡಕಾಯಿತೆಂದು ಬರೆದಿಟ್ಟುಕೊಂಡು ಒಂದು ತಿಂಗಳ ನಂತರ ಎರಡನೆಯದನ್ನು ನಡೆಸಿ. ಪದಗಳ ಪಟ್ಟಿಯ ಕರಡನ್ನು ಅಷ್ಟರೊಳಗೆ ನಾವು ಸಿದ್ಧ ಮಾಡಿ ಕಳಿಸುತ್ತೇವೆ.

ಇತಿ,
ಯುದ್ಧಕಾಲದ ಮಾಹಿತಿಯನ್ನು ಕನ್ನಡದಲ್ಲಿ ಪರಿಶೀಲಿಸಿ ಬರೆಯುವ ಕೆಲವರು